ದಮ್ಮಿನ ರೋಗವೂ ನಡಿಗೆಯ ಚಿಕಿತ್ಸೆಯೂ

ಆಯುರ್ವೇದದ ಆಚಾರ್ಯರು ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸಿದುದು ಬಹುಮಂದಿಗೆ ತಿಳಿದ ವಿಷಯ. ಇವೆರಡರ ನಡುವೆ ಅವರು ಇನ್ನೊಂದು ಬಗೆಯನ್ನೂ ಹೇಳಿರುವರು. ಅದರ ಹೆಸರು ಯಾಪ್ಯ. ಯಾಪ್ಯವಾದ ರೋಗವು ಪೂರ್ತಿಯಾಗಿ ಬಿಟ್ಟುಹೋಗದು, ಒಡನೆಯೇ ಕೊಲ್ಲಲೂ ಕೊಲ್ಲದು. ತಕ್ಕ ಪಥ್ಯವೂ ಉಪಚಾರವೂ ನಡೆಯುತ್ತಿರುವವರೆಗೆ ರೋಗಿಯು ಬಾಳಿಕೊಂಡಿರುವನು. ಬೀಳಲಿರುವ ಮನೆಗೆ ಸರಿಯಾದ ಕಡೆಯಲ್ಲಿ ಆಸರೆಯ ಕಂಬ ಕೊಟ್ಟು ನಿಲ್ಲಿಸುವುದನ್ನು ಸುಶ್ರುತರು ಇದಕ್ಕೆ ಉಪಮಾನವಾಗಿ ಹೇಳಿದ್ದಾರೆ. ಈ ‘ಯಾಪನೆ’ ಎಂಬ ಮಾತು ಕನ್ನಡದಲ್ಲಿ ‘ಕಾಲಯಾಪನೆ’ ಎಂಬ ಸಮಾಸದಲ್ಲಿ ಉಳಿದುಕೊಂಡು, ಸುಮ್ಮನೆ ಕುಳಿತು ಹೊತ್ತು ಕಳೆಯುವುದೆಂಬ ಅರ್ಥಕ್ಕೆ ಇಳಿದುಬಿಟ್ಟಿದೆ. ಶಬ್ದಕ್ಕೆ ಬಂದ ಗತಿಯೇ ನಮ್ಮ ಮನೆಗಳಲ್ಲಿ ಯಾಪ್ಯರೋಗಿಗಳಿಗೂ ಬಂದಿದೆಯೆಂದರೆ ತಪ್ಪಾಗಲಾರದು. ಕಂಬ ಕೊಡುವುದನ್ನು ಮರೆತು, ಮೂಲೆಯಲ್ಲಿ ಒಂದು ಮಂಚ ಹಾಕಿಕೊಡುವುದನ್ನು ಮಾತ್ರ ಕಲಿತಿದ್ದೇವೆ.

ಇದು ನಿರ್ದಯೆಯಿಂದ ಆಗುವುದಲ್ಲ, ಅತಿಯಾದ ದಯೆಯಿಂದ ಆಗುವುದು. ಜ್ವರ ಬಂದವನನ್ನು ಮಲಗಿಸಿ ಗಂಜಿ ಕೊಡುವುದು ಸರಿಯಾದ ಉಪಚಾರ. ಮೂರು ದಿನದಲ್ಲಿ ಜ್ವರ ಬಿಟ್ಟೀತು, ಅವನು ಎದ್ದಾನು. ಬಂದು ನೆಲಸುವ ರೋಗಕ್ಕೂ ಇದೇ ಉಪಚಾರವನ್ನು ವರ್ಷಗಟ್ಟಲೆ ಮಾಡುತ್ತ ಹೋದರೆ ಆಗುವ ಕೇಡೇನು, ಅದರ ಬದಲು ಮಾಡತಕ್ಕದ್ದೇನು ಎಂಬುದನ್ನು ಒಂದು ರೋಗವನ್ನು ಮುಂದಿಟ್ಟುಕೊಂಡು ವಾಚಕರಿಗೆ ತಿಳಿಸಬೇಕೆಂದು ಬಯಸಿದ್ದೇವೆ. ಆ ರೋಗವೇ ನಮ್ಮ ಹಿರಿಯರು ದಮ್ಮು, ಗೂರಲು ಎಂದು ಕರೆಯುತ್ತಿದ್ದ ಶ್ವಾಸರೋಗ. ಇದರಲ್ಲಿ ಆಗಾಗ ಬಂದು ತಿಳಿಯಾಗುವ ಆಸ್ತಮಾ ಒಂದು ಬಗೆ. ವಯಸ್ಸಾದ ಮೇಲೆ ಬಂದು, ಮೆಲ್ಲಮೆಲ್ಲನೆ ಹೆಚ್ಚುತ್ತ, ಎಂದೂ ಪೂರ್ತಿ ತಿಳಿಯಾಗದ ಮತ್ತೊಂದು ಬಗೆಯುಂಟು. ಈ ಎರಡನೆಯದನ್ನು ವೈದ್ಯರು ಚೀಟಿಯಲ್ಲಿ ಸಿ.ಓ.ಪಿ.ಡಿ. ಎಂದು ಬರೆಯುತ್ತಾರೆ. ನಮ್ಮ ಮಾತು ಮುಖ್ಯವಾಗಿ ಇದನ್ನು ಕುರಿತದ್ದು.

ಈ ರೋಗವು ಅಪರೂಪದ್ದೆಂದು ಯಾರೂ ಭಾವಿಸಬಾರದು. ಭಾರತದಲ್ಲಿ ೧೯೯೦ರಲ್ಲಿ ಸುಮಾರು ೨ ಕೋಟಿ ೮೧ ಲಕ್ಷ ಜನರಿಗಿದ್ದ ಇದು ೨೦೧೬ರ ವೇಳೆಗೆ ೫ ಕೋಟಿ ೫೩ ಲಕ್ಷ ಜನರನ್ನು ಹಿಡಿದಿತ್ತೆಂದು ದೇಶದ ರೋಗಭಾರವನ್ನು ರಾಜ್ಯವಾರು ಲೆಕ್ಕ ಹಾಕಿದ ವಿದ್ವಾಂಸರು ೨೦೧೮ರಲ್ಲಿ ಪ್ರಕಟಿಸಿದರು. ಬೀಡಿ ಸಿಗರೇಟುಗಳು ಇದಕ್ಕೆ ಕಾರಣವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಜನ್ಮದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಮುತ್ತೈದೆಯರಿಗೂ ಹಿರಿಯ ವಿಧವೆಯರಿಗೂ ಇದು ಬರುವುದೇಕೆ? ಉತ್ತರ ಅಡುಗೆಯ ಮನೆಯಲ್ಲಿದೆ. ಶ್ವಾಸರೋಗಕ್ಕೆ ಧೂಳನ್ನೂ ಹೊಗೆಯನ್ನೂ ಚರಕಸಂಹಿತೆಯೇ ಕಾರಣಗಳ ಸಾಲಿನಲ್ಲಿ ಇಟ್ಟಿದೆ. ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಂತೂ ಈ ಕಾರಣಕ್ಕೆ ಗಣಿತವನ್ನೇ ಒದಗಿಸಿದೆ. ಸೌದೆ ಬೆರಣಿಗಳ ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಬೇಕು. ಬಂದ ಲಬ್ಧವು ೬೦ನ್ನು ಮುಟ್ಟಿತೆಂದರೆ ಬಹುಕಾಲದ ಕೆಮ್ಮು ಕಫಗಳ ಅಪಾಯ ಗಣನೆಗೆ ಬರುವಷ್ಟಾಗುತ್ತದೆಂದು ಅದು ತೋರಿಸಿತು. ದಿನಕ್ಕೆ ೩ ಗಂಟೆಯಂತೆ ೨೦ ವರ್ಷ ಬೇಯಿಸಿ ಬಡಿಸಿದರೆ ೬೦ ಆಯಿತು. ನಮ್ಮ ತಾಯಂದಿರ ಕಾಲದವರಲ್ಲಿ ಈ ಮೊತ್ತವನ್ನು ಎರಡು ಸಾರಿ ದಾಟದವರೆಷ್ಟು ಮಂದಿ! ಗ್ಯಾಸಿನ ಒಲೆ ಈಗ ಮನೆಮನೆಗೂ ಬಂದಿರಬಹುದು. ಎದೆಯೊಳಕ್ಕೆ ಹೋದ ಹೊಗೆ ಹಿಂದಕ್ಕೆ ಬರುವಂತಿಲ್ಲ.

ರೋಗದ ಕ್ರಮವನ್ನು ಸ್ವಲ್ಪ ನೋಡೋಣ. ಈ ರೋಗಿಗೆ ಉಸಿರನ್ನು ಒಳಗೆ ಎಳೆಯಲಾಗುವುದಿಲ್ಲವೆಂದು ನಾವೆಲ್ಲ ತಿಳಿಯುತ್ತೇವೆ. ನಿಜವಾದ ತೊಡಕಿರುವುದು ಉಸಿರನ್ನು ಹೊರಗೆ ಬಿಡುವುದರಲ್ಲಿ. ಶ್ವಾಸಕೋಶದ ಸಣ್ಣ ನಾಳಗಳು ಕಿರಿದಾಗಿ, ಬಿಗುವು ಕಳೆದುಕೊಂಡು, ಉಸಿರು ಪೂರ್ತಿ ಹೊರಬೀಳುವ ಮೊದಲೇ ಮುಚ್ಚಿಕೊಳ್ಳುತ್ತವೆ. ಹಳೆಯ ಗಾಳಿ ಒಳಗೇ ಉಳಿಯುತ್ತದೆ; ಹೊಸ ಗಾಳಿಗೆ ಎಡೆಯಿಲ್ಲ; ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತಾಗುತ್ತದೆ. ಬೇಗ ಬೇಗ ನಡೆದಾಗ ಉಸಿರೂ ಬೇಗ ಬೇಗ ಆಡಿ, ಉಳಿಯುವ ಗಾಳಿ ಇನ್ನೂ ಹೆಚ್ಚುವುದು, ಏದುಸಿರು ಬರುವುದು. ರೋಗಿ ಹೆದರಿ ಕುಳಿತುಬಿಡುವನು. ಇಲ್ಲಿಯವರೆಗೆ ರೋಗದ ಕೆಲಸ.

ಮುಂದಿನದು ಕುಳಿತುದರ ಫಲ. ಉಸಿರಿಗೆ ಹೆದರಿ ಇಂದು ಅಂಗಡಿಯವರೆಗಿನ ನಡಿಗೆಯನ್ನು ಬಿಟ್ಟವನು ಮುಂದಿನ ವರ್ಷ ಬಾಗಿಲವರೆಗಿನ ನಡಿಗೆಯನ್ನು ಬಿಡುತ್ತಾನೆ. ನಡೆಯದ ಕಾಲಿನ ಮಾಂಸಖಂಡಗಳು, ಮುಖ್ಯವಾಗಿ ತೊಡೆಯವು, ಕರಗುತ್ತವೆ. ಸೊರಗಿದ ಮಾಂಸಖಂಡವು ಸ್ವಲ್ಪ ಕೆಲಸಕ್ಕೇ ಆಮ್ಲವನ್ನು ರಕ್ತಕ್ಕೆ ಸುರಿಯುವುದು. ಆ ಆಮ್ಲವನ್ನು ಕಳೆಯಲು ದೇಹವು ಇನ್ನಷ್ಟು ಉಸಿರನ್ನು ಬೇಡುವುದು. ಕೊಡಬೇಕಾದ ಶ್ವಾಸಕೋಶವೋ ಮೊದಲೇ ದಿವಾಳಿಯೆದ್ದಿದೆ. ಹೀಗೆ ಉಬ್ಬಸದಿಂದ ಆಲಸ್ಯ, ಆಲಸ್ಯದಿಂದ ಕ್ಷಯ, ಕ್ಷಯದಿಂದ ಮತ್ತಷ್ಟು ಉಬ್ಬಸ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯುಂಟಷ್ಟೆ. ಕುಳಿತೇ ಇರುವವನಿಗೆ ಉಸಿರೂ ಸಾಲದು.

ಈ ಚಕ್ರವನ್ನು ಎಲ್ಲಿ ಕತ್ತರಿಸಬಹುದು? ಹಾಳಾದ ಶ್ವಾಸಕೋಶವನ್ನು ಹೊಸದಾಗಿಸುವ ಮದ್ದಿಲ್ಲ. ಇನ್ಹೇಲರಿನ ಔಷಧವು ನಾಳಗಳನ್ನು ಇದ್ದಷ್ಟರಲ್ಲಿ ಸಡಿಲಿಸುವುದು. ಕಾಲನ್ನಾದರೋ ಮತ್ತೆ ಬಲಪಡಿಸಬಹುದು. ಅರವತ್ತರಲ್ಲಿಯೂ ಎಂಬತ್ತರಲ್ಲಿಯೂ ಮಾಂಸಖಂಡವು ಅಭ್ಯಾಸಕ್ಕೆ ಒಲಿಯುತ್ತದೆ. ಅಭ್ಯಾಸ ಮಾಡಿದ ರೋಗಿಗಳ ರಕ್ತದಲ್ಲಿ ಅದೇ ಶ್ರಮಕ್ಕೆ ಮೊದಲಿಗಿಂತ ಕಡಮೆ ಆಮ್ಲವೂ, ಅದರಿಂದಾಗಿ ಕಡಮೆ ಉಸಿರಾಟವೂ ಸಾಕಾಗುವುದೆಂದು ೧೯೯೧ರಲ್ಲಿ ಅಮೆರಿಕದಲ್ಲಿ ಅಳೆದು ತೋರಿಸಿದರು. ಅಂದರೆ ಎದೆಯ ರೋಗಕ್ಕೆ ಕಾಲಿನ ಮೂಲಕ ಚಿಕಿತ್ಸೆ! ಕೇಳಿದೊಡನೆ ನಗು ಬರುವ ಮಾತು. ಆದರೆ ಕೆರೆಯ ನೀರನ್ನು ಹೆಚ್ಚಿಸಲಾರದವನು ಗದ್ದೆಯ ಖರ್ಚನ್ನು ತಗ್ಗಿಸುವುದು ನಮ್ಮ ರೈತರಿಗೆ ಹೊಸತಲ್ಲ.

ಇಂಗ್ಲಿಷಿನಲ್ಲಿ ಈ ಚಿಕಿತ್ಸೆಗೆ ಪಲ್ಮನರಿ ರಿಹ್ಯಾಬಿಲಿಟೇಷನ್ ಎಂದು ಹೆಸರು. ಇದನ್ನು ಕನ್ನಡದಲ್ಲಿ ‘ಶ್ವಾಸಕೋಶದ ಪುನರ್ವಸತಿ’ ಎಂದು ಬರೆಯುವುದನ್ನು ಕಂಡಿದ್ದೇವೆ. ಪುನರ್ವಸತಿಯೆಂದರೆ ಕೃಷ್ಣೆಯ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದವರಿಗೆ ಬೇರೆಡೆ ಮನೆ ಕಟ್ಟಿಸಿಕೊಡುವುದು. ಶ್ವಾಸಕೋಶಕ್ಕೆ ಯಾವ ಊರಿನಲ್ಲಿ ನಿವೇಶನ ಕೊಡೋಣ? ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಸಮರ್ಥ, ಯೋಗ್ಯ ಎಂದು ಅರ್ಥ. ಆದುದರಿಂದ ‘ಪುನಃಸಾಮರ್ಥ್ಯ’ವೆಂಬುದೇ ಹತ್ತಿರದ ಮಾತೆಂದು ನಮಗೆ ತೋರುವುದು. ಪಂಡಿತರು ಒಪ್ಪದಿದ್ದರೆ ಚಿಂತೆಯಿಲ್ಲ, ರೋಗಿಗಳು ನಡೆದರೆ ಸಾಕು.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚದೆ ಹೇಳಬೇಕು. ಸುಶ್ರುತರು ವ್ಯಾಯಾಮವನ್ನು ಬಹುವಾಗಿ ಹೊಗಳಿ, ಅದು ಯಾರಿಗೆ ಕೂಡದೆಂಬ ಪಟ್ಟಿಯನ್ನು ಕೊಡುವಾಗ ಶ್ವಾಸರೋಗಿಯನ್ನೂ ಕಾಸರೋಗಿಯನ್ನೂ ಅದರಲ್ಲಿ ಸೇರಿಸಿದ್ದಾರೆ. ಹಾಗಾದರೆ ಶಾಸ್ತ್ರಕ್ಕೆ ವಿರುದ್ಧವಾಯಿತಲ್ಲ ಎಂದು ಕೇಳುವವರುಂಟು. ಆಚಾರ್ಯರ ಕಾಲದಲ್ಲಿ ವ್ಯಾಯಾಮವೆಂದರೆ ಗರಡಿಯ ಸಾಧನೆ. ಬಲಿಷ್ಠನು ಮೈಮುರಿದು ಮಾಡುವ ಶ್ರಮ. ಅದನ್ನು ದಮ್ಮಿನವನಿಗೆ ನಿಷೇಧಿಸಿದುದು ವಿವೇಕವೇ ಸರಿ. ಪಶ್ಚಿಮದ ವೈದ್ಯರೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಇಂಥ ರೋಗಿಗಳಿಗೆ ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. ಅಲ್ವನ್ ಬರಾಕ್ ಎಂಬ ಅಮೆರಿಕದ ವೈದ್ಯರು ೧೯೫೨ರಲ್ಲಿ, ಆಮ್ಲಜನಕದ ನೆರವಿನಿಂದ ನಡೆದು ಅಭ್ಯಾಸ ಮಾಡಿದ ರೋಗಿಗಳು ಆಮೇಲೆ ಅದಿಲ್ಲದೆಯೂ ನಡೆಯಬಲ್ಲವರಾದುದನ್ನು ಕಂಡು ಬರೆದರು. ೧೯೬೦ರ ದಶಕದಲ್ಲಿ ಡೆನ್ವರ್ ನಗರದ ಥಾಮಸ್ ಪೆಟ್ಟಿಯವರು ಇದನ್ನೊಂದು ಕ್ರಮಬದ್ಧ ಚಿಕಿತ್ಸೆಯಾಗಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಪರೀಕ್ಷೆಗಳು ನಡೆದುವು. ೨೦೧೫ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ೬೫ ಪ್ರಯೋಗಗಳನ್ನೂ ೩,೮೨೨ ರೋಗಿಗಳನ್ನೂ ಒಟ್ಟಿಗೆ ತೂಗಿ ನೋಡಿ, ಉಬ್ಬಸ, ದಣಿವು, ಮನಸ್ಸಿನ ಸ್ಥಿತಿ, ರೋಗದ ಮೇಲಣ ಹತೋಟಿ ಎಲ್ಲದರಲ್ಲಿಯೂ ಈ ಚಿಕಿತ್ಸೆ ಮೇಲೆಂದು ನಿರ್ಣಯಿಸಿದರು. ಸಾಮಾನ್ಯ ಆರೈಕೆಯೊಡನೆ ಇದನ್ನು ಹೋಲಿಸಿ ನೋಡುವ ಪ್ರಯೋಗಗಳು ಇನ್ನು ಬೇಡವೆಂದೂ ಹೇಳಿದರು. ಪಂಡಿತರು ಒಂದು ವಾದವನ್ನು ಮುಗಿಯಿತೆಂದು ಒಪ್ಪುವುದು ಎಷ್ಟು ಅಪೂರ್ವವೆಂಬುದನ್ನು ಬಲ್ಲವರು ಈ ಮಾತಿನ ತೂಕವನ್ನು ಅರಿಯುವರು.

ಇನ್ನು ಸುಶ್ರುತರ ಇನ್ನೊಂದು ಮಾತು. ವ್ಯಾಯಾಮವನ್ನು ಅರ್ಧಬಲದವರೆಗೆ ಮಾತ್ರ ಮಾಡಬೇಕು. ಉಸಿರು ಎದೆಯಿಂದ ಬಾಯಿಗೆ ಏರತೊಡಗಿದುದೇ ಅರ್ಧಬಲದ ಗುರುತು ಎಂದು ಅವರು ವಿಧಿಸಿದ್ದಾರೆ. ಈಗಿನ ವ್ಯಾಯಾಮ ಚಿಕಿತ್ಸಕರ ಕೈಯಲ್ಲಿರುವುದು ಸ್ವೀಡನ್ ದೇಶದ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರ ಅಳತೆಪಟ್ಟಿ. ಏನೂ ಉಬ್ಬಸವಿಲ್ಲದಿದ್ದರೆ ೦, ತಾಳಲಾರದಷ್ಟಾದರೆ ೧೦. ರೋಗಿಯೇ ತನ್ನ ಅಂಕವನ್ನು ಹೇಳಬೇಕು. ಅದು ೪ರಿಂದ ೬ರ ನಡುವೆ ಇರುವಂತೆ ನಡೆಯಿಸಬೇಕು. ಎರಡು ಸಾವಿರ ವರ್ಷಗಳ ಅಂತರದಲ್ಲಿ ಇಬ್ಬರೂ ಹತ್ತಿರಹತ್ತಿರದ ಗೆರೆಯನ್ನೇ ಎಳೆದಿರುವುದನ್ನು ಕಂಡಾಗ ನಮಗೆ ಆದ ಸಂತೋಷವನ್ನು ವಾಚಕರೊಡನೆ ಹಂಚಿಕೊಳ್ಳದೆ ಇರಲಾರೆವು.

ಚಿಕಿತ್ಸೆಯ ಕ್ರಮ ಹೀಗಿದೆ. ಮೊದಲು ವೈದ್ಯರು ಹೃದಯವನ್ನೂ ಶ್ವಾಸಕೋಶವನ್ನೂ ಪರೀಕ್ಷಿಸುವರು. ಆಮೇಲೆ ೩೦ ಮೀಟರು ಉದ್ದದ ಪಡಸಾಲೆಯಲ್ಲಿ ರೋಗಿಯು ತನ್ನ ಶಕ್ತ್ಯನುಸಾರವಾಗಿ ೬ ನಿಮಿಷ ಹೋಗಿ ಬಂದು ನಡೆಯಬೇಕು. ದಣಿದರೆ ನಿಲ್ಲಬಹುದು, ಮತ್ತೆ ನಡೆಯಬಹುದು. ಎಷ್ಟು ದೂರವಾಯಿತೆಂಬುದನ್ನು ಬರೆದಿಟ್ಟುಕೊಳ್ಳುವರು; ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ರಕ್ತದ ಆಮ್ಲಜನಕವನ್ನು ತೋರಿಸುತ್ತಿರುವುದು. ಅನಂತರ ವಾರಕ್ಕೆ ಎರಡು ಮೂರು ದಿನ, ಆರೆಂಟು ವಾರಕ್ಕೆ ಕಡಮೆಯಿಲ್ಲದಂತೆ ಅಭ್ಯಾಸ: ನಡಿಗೆ, ಕುರ್ಚಿಯಿಂದ ಏಳುವುದು ಕೂರುವುದು, ಮೆಟ್ಟಿಲು, ನೀರು ತುಂಬಿದ ಸೀಸೆಗಳನ್ನು ಹಿಡಿದು ತೋಳೆತ್ತುವುದು. ಕೊನೆಯಲ್ಲಿ ಮತ್ತೆ ಆ ೬ ನಿಮಿಷದ ನಡಿಗೆ. ಸುಮಾರು ೩೦ ಮೀಟರು ಹೆಚ್ಚಾಯಿತೆಂದರೆ ಅದು ರೋಗಿಗೇ ಗೊತ್ತಾಗುವಷ್ಟು ಗುಣ.

ಜೊತೆಯಲ್ಲಿಯೇ ಉಸಿರು ಬಿಡುವ ವಿದ್ಯೆಯನ್ನು ಕಲಿಸುತ್ತಾರೆ. ಮೂಗಿನಿಂದ ಉಸಿರೆಳೆದು, ತುಟಿಗಳನ್ನು ಊದುಗೊಳವೆ ಊದುವಾಗಿನಂತೆ ಕಿರಿದು ಮಾಡಿ, ಆದರೆ ಬಲವಿಲ್ಲದೆ, ಎಳೆದುದರ ಎರಡರಷ್ಟು ಹೊತ್ತು ಮೆಲ್ಲನೆ ಬಿಡಬೇಕು. ಬಾಯಲ್ಲಿ ಉಂಟಾಗುವ ಒತ್ತಡದಿಂದ ಒಳಗಿನ ನಾಳಗಳು ಬೇಗನೆ ಮುಚ್ಚದೆ, ಹಳೆಯ ಗಾಳಿ ಹೊರಬೀಳುವುದು. ಒಲೆ ಊದಿ ಊದಿ ರೋಗ ತಂದುಕೊಂಡವರಿಗೆ ಊದುವ ಭಂಗಿಯೇ ಉಪಶಮನವಾದುದು ವಿಚಿತ್ರ. ಬಗ್ಗುವಾಗ, ಏಳುವಾಗ, ಬಿಂದಿಗೆಯೆತ್ತುವಾಗ, ಹೀಗೆ ಶ್ರಮವಿರುವ ಕಡೆಯಲ್ಲೆಲ್ಲ ಉಸಿರು ಬಿಡಬೇಕೇ ಹೊರತು ಹಿಡಿಯಬಾರದು. ಏದುಸಿರು ಬಂದಾಗ ಮಲಗಬಾರದು. ಕುಳಿತು, ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಬೇಕು. ತಮಕಶ್ವಾಸದವನಿಗೆ ಕುಳಿತಾಗಲೇ ಸುಖವೆಂದು ಚರಕರೂ ಹೇಳಿರುವರು.

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಬಹುದು. ನಲವತ್ತು ವರ್ಷ ಸೌದೆಯ ಒಲೆಯಲ್ಲಿ ಬೇಯಿಸಿದ, ಎಪ್ಪತ್ತರ ಆಚೆಯ ಒಬ್ಬ ಹಿರಿಯರು. ಸೊಸೆ ಒಳ್ಳೆಯವಳು, ಅತ್ತೆಯವರಿಗೆ ಒಂದು ಚೊಂಬು ನೀರನ್ನೂ ಎತ್ತಗೊಡಳು. “ಅತ್ತೇ, ನೀವು ಸುಮ್ಮನೆ ಕೂತಿರಿ, ನಾನು ತರ್ತೀನಿ” ಎಂಬ ಮಾತು ದಿನಕ್ಕೆ ಇಪ್ಪತ್ತು ಸಾರಿ. ಆ ಮಾತಿನಲ್ಲಿ ಪ್ರೀತಿಯೂ ಇತ್ತು, ಮುದುಕಿಯ ಕೈಯಲ್ಲಿ ಕೆಲಸ ಮಾಡಿಸುತ್ತಾಳೆಂದು ನೆರೆಮನೆಯವರು ಆಡಿಯಾರೆಂಬ ಅಂಜಿಕೆಯೂ ಇತ್ತು. ಎರಡು ವರ್ಷದಲ್ಲಿ ಆ ತಾಯಿ ದೇವಸ್ಥಾನವನ್ನು ಬಿಟ್ಟರು, ಜಗುಲಿಯನ್ನು ಬಿಟ್ಟರು. ಕೊನೆಗೆ ತಲೆಗೆ ನೀರೆರೆದುಕೊಳ್ಳುವುದಕ್ಕೂ ಇನ್ನೊಬ್ಬರ ಕೈ ಬೇಕಾಯಿತು. ತೋಳನ್ನು ಮೇಲೆತ್ತಿದರೆ ಉಬ್ಬಸ ಬರುವುದು ಈ ರೋಗದಲ್ಲಿ ಸಹಜ. ಹೆಗಲ ಮಾಂಸಖಂಡಗಳು ಉಸಿರಾಟಕ್ಕೆ ನೆರವಾಗುತ್ತಿರುವಾಗ ಅವನ್ನು ಬೇರೆ ಕೆಲಸಕ್ಕೆ ಕರೆದಂತಾಗುವುದು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಹುಡುಗಿ ಮೊದಲ ದಿನ ಕೇಳಿದ ಪ್ರಶ್ನೆ ಕೆಮ್ಮನ್ನು ಕುರಿತದ್ದಾಗಿರಲಿಲ್ಲ. “ಅಜ್ಜೀ, ನಿಮಗೆ ಏನು ಮಾಡೋಕೆ ಆಗಬೇಕು ಅಂತ ಆಸೆ?” ಎಂದಳಂತೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಸ್ನಾನ ನಾನೇ ಮಾಡಿಕೊಂಡರೆ ಸಾಕು, ತಾಯಿ” ಎಂದರಂತೆ. ಸೊಸೆ ಅಲ್ಲಿಯೇ ನಿಂತಿದ್ದಳು. ಅತ್ತೆಯವರ ಮನಸ್ಸಿನಲ್ಲಿ ಇಂಥದೊಂದು ಕುಂದು ಇದ್ದೀತೆಂದು ಅವಳಿಗೆ ಅದುವರೆಗೆ ತೋರಿರಲಿಲ್ಲ. ಪಡಸಾಲೆಯಲ್ಲಿ ತಾಯಿ ಏದುಸಿರು ಬಿಡುತ್ತ ನಡೆಯುವುದನ್ನು ನೋಡಲಾರದೆ ಮಗ ಸಿಟ್ಟಾದನು: “ಉಸಿರಿಗೆ ಒದ್ದಾಡೋರನ್ನ ಓಡಾಡಿಸ್ತೀರಲ್ಲ!” “ಓಡಾಡದೆ ಕೂತಿದ್ದಕ್ಕೇ ಸಾರ್ ಇಷ್ಟು ಒದ್ದಾಟ” ಎಂದು ಆ ಹುಡುಗಿ ಮೆಲ್ಲನೆ ಹೇಳಿದಳು. ಮೊದಲ ದಿನ ೬ ನಿಮಿಷದಲ್ಲಿ ಮೂರು ಸಾರಿ ನಿಂತವರು ಎಂಟನೆಯ ವಾರ ಒಂದು ಸಾರಿಯೂ ನಿಲ್ಲಲಿಲ್ಲ. ಊದಿಸಿ ಅಳೆಯುವ ಯಂತ್ರ ಕೊಟ್ಟ ಅಂಕ ಮಾತ್ರ ಮೊದಲಿನದೇ. ಶ್ವಾಸಕೋಶ ಕೂದಲೆಳೆಯಷ್ಟೂ ಸುಧಾರಿಸಿರಲಿಲ್ಲ. ಬಚ್ಚಲಿನಲ್ಲಿ ಒಂದು ಎತ್ತರದ ಮಣೆ, ಗೋಡೆಗೆ ಒಂದು ಹಿಡಿ, ನೀರು ಹೊಯ್ದುಕೊಳ್ಳಲು ಹಗುರವಾದ ಪ್ಲಾಸ್ಟಿಕ್ ಮಗ್ಗು. ಒಂದು ಶುಕ್ರವಾರ ಅವರು ಬಾಗಿಲು ಹಾಕಿಕೊಂಡು ತಾವೇ ಅಭ್ಯಂಜನ ಮಾಡಿಕೊಂಡು ಬಂದರು. ಸೊಸೆ ಬಾಗಿಲ ಹೊರಗೆ ನಿಂತೇ ಇದ್ದಳೆಂಬುದನ್ನೂ ಹೇಳಿಬಿಡುತ್ತೇವೆ.

ಅಂಕ ಬದಲಾಗಲಿಲ್ಲ, ಬಾಳು ಬದಲಾಯಿತು. ಹಾಗಾದರೆ ಬಾಳನ್ನು ಅಳೆಯುವುದು ಹೇಗೆ? ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ಲಘುವಾಗಿ ಬಿಟ್ಟಿಲ್ಲ. ೨೦೦೯ರಲ್ಲಿ ಬಳಕೆಗೆ ಬಂದ ಒಂದು ಚಿಕ್ಕ ಪ್ರಶ್ನಾವಳಿಯಲ್ಲಿ ಎಂಟೇ ಪ್ರಶ್ನೆಗಳು, ಒಂದೊಂದಕ್ಕೂ ೦ಯಿಂದ ೫, ಒಟ್ಟು ೪೦. ಕೆಮ್ಮು, ಕಫ, ಎದೆಬಿಗಿತ, ಮೆಟ್ಟಿಲು ಹತ್ತುವಾಗಿನ ಉಬ್ಬಸ ಇವುಗಳ ಜೊತೆಗೆ ಮನೆಯ ಕೆಲಸ ಮಾಡಬಲ್ಲಿರಾ, ಹೊರಗೆ ಹೋಗಲು ಧೈರ್ಯವುಂಟೇ, ನಿದ್ದೆ ಹೇಗೆ, ಮೈಯಲ್ಲಿ ಲವಲವಿಕೆಯಿದೆಯೇ ಎಂಬುವೂ ಇವೆ. ಅಂಕ ಕಡಮೆಯಾದಷ್ಟೂ ಒಳ್ಳೆಯದು. ಎರಡು ಅಂಕ ಇಳಿದರೂ ಅದು ಲೆಕ್ಕಕ್ಕೆ ಬರುವ ಸುಧಾರಣೆ. ಹೊರಗೆ ಹೋಗುವ ಧೈರ್ಯವನ್ನು ಕಫದ ಸಮಾನವಾಗಿ ಎಣಿಸಿರುವುದು ನಮಗೆ ಬಹಳ ಮೆಚ್ಚಿಗೆಯಾಯಿತು. ಮದುವೆ ಮುಂಜಿಗಳಿಗೆ ಹೋಗದೆ, ನಾಲ್ಕು ಜನರ ನಡುವೆ ಕೆಮ್ಮು ಬಂದೀತೆಂದು ನಾಚಿ, ಒಳಗೊಳಗೇ ಕುಗ್ಗಿಹೋದ ಹಿರಿಯರು ಎಷ್ಟೋ ಮಂದಿ. ಅವರ ಮೌನವನ್ನು ಮನೆಯವರು ವಯಸ್ಸಿನ ಸ್ವಭಾವವೆಂದು ತಿಳಿದುಬಿಡುತ್ತಾರೆ.

ಅಮೆರಿಕದ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಅಲ್ಲಿ ೨೦೧೪ರಲ್ಲಿ ಈ ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿ ಮನೆಗೆ ಮರಳಿದ ೧,೯೭,೩೭೬ ಹಿರಿಯರ ದಾಖಲೆಗಳನ್ನು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟಿಸಿದರು. ೯೦ ದಿನದೊಳಗೆ ಈ ಅಭ್ಯಾಸವನ್ನು ಆರಂಭಿಸಿದವರಲ್ಲಿ ವರ್ಷದೊಳಗೆ ತೀರಿಕೊಂಡವರು ನೂರಕ್ಕೆ ೭.೩, ಉಳಿದವರಲ್ಲಿ ೧೯.೬. ಅಭ್ಯಾಸಕ್ಕೆ ಹೋದವರು ಮೊದಲೇ ಸ್ವಲ್ಪ ಗಟ್ಟಿಯಾಗಿದ್ದವರಿರಬಹುದಾದ್ದರಿಂದ ಅಂತರವೆಲ್ಲವನ್ನೂ ನಡಿಗೆಯ ಖಾತೆಗೆ ಬರೆಯಲಾಗದು. ನಮ್ಮನ್ನು ಚಕಿತಗೊಳಿಸಿದುದು ಬೇರೆ ಅಂಕ: ಅಷ್ಟು ಸಿರಿವಂತ ದೇಶದಲ್ಲಿಯೂ ಹಾಗೆ ಆರಂಭಿಸಿದವರು ನೂರಕ್ಕೆ ೧.೫ ಮಂದಿ ಮಾತ್ರ.

ನಮ್ಮ ನಾಡಿನಲ್ಲಿ ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳನ್ನು ಬಿಟ್ಟರೆ ಇದಕ್ಕೆ ಪ್ರತ್ಯೇಕ ಏರ್ಪಾಡು ದೊರೆಯುವುದು ಕಷ್ಟ. ಆದರೂ ವೈದ್ಯರು ಒಮ್ಮೆ ಪರೀಕ್ಷಿಸಿ ಒಪ್ಪಿದ ಮೇಲೆ, ಫಿಸಿಯೋಥೆರಪಿ ಬಲ್ಲವರೊಬ್ಬರು ನಾಲ್ಕು ದಿನ ತಿದ್ದಿಕೊಟ್ಟರೆ, ಮಿಕ್ಕುದನ್ನು ಮನೆಯಲ್ಲಿಯೇ ನಡೆಸಬಹುದು. ಇದಕ್ಕೆ ಬೇಕಾದುದು ಸಮನಾದ ನೆಲ, ಗಟ್ಟಿಯಾದ ಒಂದು ಕುರ್ಚಿ, ಗಡಿಯಾರ. ಇನ್ಹೇಲರನ್ನು ನಡಿಗೆಗೆ ಮೊದಲು ತೆಗೆದುಕೊಳ್ಳಬೇಕೇ ಎಂಬುದನ್ನು ವೈದ್ಯರನ್ನೇ ಕೇಳಿಕೊಳ್ಳಬೇಕು. ಹೊಟ್ಟೆ ತುಂಬ ಉಂಡೊಡನೆ ನಡೆಯಬಾರದು. ತುಂಬಿದ ಹೊಟ್ಟೆ ಎದೆಯನ್ನು ಮೇಲಕ್ಕೊತ್ತುವುದು. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು ಮುಂತಾದ ಕುಳಿತು ಮಾಡುವ ಕೆಲಸವನ್ನು ಹಿರಿಯರಿಂದ ಕಸಿದುಕೊಳ್ಳಬಾರದು. ಪಾತ್ರೆಗಳು ಸೊಂಟದೆತ್ತರದಲ್ಲಿ ಕೈಗೆ ಸಿಕ್ಕುವಂತಿದ್ದರೆ ಒಳ್ಳೆಯದು.

ಜ್ವರವಿದ್ದಾಗ, ಕಫವು ಹಳದಿ ಹಸಿರಿಗೆ ತಿರುಗಿ ಉಬ್ಬಸ ಏಕಾಏಕಿ ಹೆಚ್ಚಿದಾಗ, ಅಭ್ಯಾಸವನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ನಡೆಯುವಾಗ ಎದೆನೋವು ಬಂದರೂ, ತಲೆ ಸುತ್ತಿದರೂ, ತುಟಿ ಉಗುರುಗಳು ನೀಲಿಯಾದರೂ ಅಲ್ಲಿಯೇ ಕೂರಿಸಿ ನೆರವು ಕರೆಯಬೇಕು. ಬೀಡಿ ಸೇದುವವರು ಬೀಡಿಯನ್ನು ಬಿಡದೆ ಬರಿಯ ನಡಿಗೆಯನ್ನು ಹಿಡಿದರೆ ತೂತುಗಡಿಗೆಗೆ ನೀರು ಹೊಯ್ದಂತೆ.

ಎಂಟು ವಾರ ಮುಗಿಯಿತೆಂದು ಬಿಟ್ಟರೆ ಬಂದ ಬಲ ಆರು ತಿಂಗಳಿಂದ ಒಂದು ವರ್ಷದೊಳಗೆ ಬಹುಮಟ್ಟಿಗೆ ಕರಗುವುದೆಂದೂ ಕಂಡುಬಂದಿದೆ. ಆದುದರಿಂದ ದಿನವೂ ಎಷ್ಟು ನಿಮಿಷ ನಡೆದರು, ಎಷ್ಟು ಸಾರಿ ನಿಂತರು ಎಂಬುದನ್ನು ಒಂದು ಕಡೆ ಬರೆದಿಡುವುದು ಅನುಕೂಲ. ಹಾಲಿನ ಲೆಕ್ಕ ಗುರುತಿಸುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಅದಕ್ಕೂ ಸ್ಥಳವಿದೆ. ಮುಂದಿನ ಸಾರಿ ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಹರಿದುಕೊಂಡು ಹೋಗಿ ವೈದ್ಯರಿಗೆ ತೋರಿಸಬಹುದು.